ಗಳಿಗೆ, ಗಡಿಗೆ, ಘಟಿಕಾಸ್ಥಾನ

ಪದವಿ ಕೊಡುವ ದಿನವನ್ನು ಹಿಂದಿಯವರು ದೀಕ್ಷಾಂತ ಎನ್ನುತ್ತಾರೆ, ತೆಲುಗರು ಸ್ನಾತಕೋತ್ಸವ ಎನ್ನುತ್ತಾರೆ, ಬಂಗಾಳಿಗಳಿಗೆ ಅದು ಸಮಾವರ್ತನ, ತಮಿಳರಿಗೆ ಪಟ್ಟಮಳಿಪ್ಪು ವಿಳಾ. ಕನ್ನಡಿಗರಾದ ನಾವು ಮಾತ್ರ ಘಟಿಕೋತ್ಸವ ಎನ್ನುತ್ತೇವೆ. ಮಿಕ್ಕವರ ಮಾತುಗಳಲ್ಲಿ ಅರ್ಥ ಮೇಲೆಯೇ ತೇಲುತ್ತದೆ: ದೀಕ್ಷೆ ಮುಗಿಯಿತು, ಮಿಂದು ಸ್ನಾತಕನಾದ, ಗುರುಕುಲದಿಂದ ಮನೆಗೆ ಮರಳಿದ, ಪಟ್ಟ ಕೊಟ್ಟರು. ನಮ್ಮ ಪದದಲ್ಲಿ ಘಟಿಕಾ ಮತ್ತು ಉತ್ಸವ ಕೂಡಿ ಗುಣಸಂಧಿಯಾಗಿದೆ ಎಂಬಲ್ಲಿಗೆ ವ್ಯಾಕರಣದ ಕೆಲಸ ಮುಗಿಯುತ್ತದೆ. ಆ ಘಟಿಕೆ ಯಾವುದು, ಅದಕ್ಕೇಕೆ ಉತ್ಸವ ಎಂದು ತಿಳಿಯಬೇಕಾದರೆ ಅಡುಗೆಮನೆಯಿಂದ ಹೊರಟು ಶಾಸನಗಳವರೆಗೆ ನಡೆಯಬೇಕು, ಪದಪ್ರಿಯರಾದ ನಮಗೆ ಅದೇನೂ ಬೇಸರದ ದಾರಿಯಲ್ಲ.

ಘಟ ಎಂದರೆ ಕೊಡ. ಕಿರಿದೆಂಬ ಭಾವ ಸೇರಿದರೆ ಘಟಿಕಾ, ಪುಟ್ಟ ಕೊಡ. ಇದು ಕನ್ನಡಕ್ಕೆ ಇಳಿಯುವಾಗ ಎರಡು ತದ್ಭವಗಳಾಗಿ ಕವಲೊಡೆಯಿತು. ಕಟಕ ಕಡಗವಾದ ರೀತಿಯಲ್ಲಿ ಟಕಾರ ಡಕಾರವಾಗಿ ಗಡಿಗೆ ಬಂತು. ಸ್ಫಟಿಕ ಪಳಿಕಾದ, ವೀಟಿಕೆ ವೀಳೆಯವಾದ ರೀತಿಯಲ್ಲಿ ಅದೇ ಟಕಾರ ಳಕಾರವಾಗಿ ಗಳಿಗೆ ಬಂತು. ಹೀಗೆ ಜೋಡಿ ಹುಟ್ಟಿದ ಪದಗಳನ್ನು ಭಾಷೆ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಕೆಲಸ ಹಂಚುತ್ತದೆ. ಗಡಿಗೆ ಒಲೆಯ ಪಕ್ಕಕ್ಕೆ ಹೋಯಿತು, ಗಳಿಗೆ ಪಂಚಾಂಗದೊಳಕ್ಕೆ ಹೋಯಿತು. ಎರಡರ ನಡುವಿನ ನಂಟು ಉಳಿದಿರುವುದು ಗಳಿಗೆಬಟ್ಟಲಿನಲ್ಲಿ. ತಳದಲ್ಲಿ ಸೂಜಿಮೊನೆಯಷ್ಟು ತೂತುಳ್ಳ ತಾಮ್ರದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ, ಇಂದಿನ ಲೆಕ್ಕಕ್ಕೆ 24 ನಿಮಿಷ. ಹಗಲಿರುಳು ಸೇರಿ ಅರವತ್ತು ಗಳಿಗೆ, ಎರಡೂವರೆ ಗಳಿಗೆಗೆ ಒಂದು ಗಂಟೆ. ಮದುವೆಯ ಮುಹೂರ್ತವನ್ನು ಈ ಬಟ್ಟಲು ಇಟ್ಟೇ ನೋಡುತ್ತಿದ್ದ ಕಾಲ ತೀರ ಹಳೆಯದಲ್ಲ. ಅಲ್ಲಿಂದ ಒಳ್ಳೆ ಗಳಿಗೆ, ಕೆಟ್ಟ ಗಳಿಗೆ, ವಿಷಗಳಿಗೆ, ಅರೆಗಳಿಗೆ, ಗಳಿಗೆಗೊಂದು ಬುದ್ಧಿ, ಯಾವ ಗಳಿಗೇಲಿ ಹುಟ್ಟಿದನೋ ಎಂಬ ನಿಟ್ಟುಸಿರು, ಎಲ್ಲವೂ ಸಾಲಾಗಿ ಬಂದವು. ಗಡಿಯಾರದ ಮೊದಲರ್ಧದಲ್ಲಿಯೂ ಕೂತಿರುವುದು ಅದೇ ಘಟಿ.

ಇಲ್ಲಿ ಒಂದೆರಡು ಸೋಗಿನ ನೆಂಟರನ್ನು ಹೊರಗೆ ಕೂರಿಸಬೇಕು. ಕಾಳು ತುಂಬಿಡುವ ಬಿದಿರಿನ ಗಳಗೆ ಈ ಕುಲದ್ದಲ್ಲ, ಅದು ಬಿದಿರನ್ನೇ ಹೇಳುವ ನಮ್ಮ ಗಳ ಎಂಬ ಪದದ ಮಗು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹೊಸ ಸೀರೆಯ ಗಳಿಗೆ ಮುರಿಯುವುದು ಎನ್ನುವಾಗ ಬರುವ ಗಳಿಗೆ ಮಡಿಕೆ ಎಂಬ ಅರ್ಥದ್ದು, ಮರಾಠಿಯ ಘಡಿಗೆ ಹತ್ತಿರದ್ದು; ಅದಕ್ಕೂ ನೀರಿನ ಬಟ್ಟಲಿಗೂ ಸಂಬಂಧ ಕಟ್ಟಲು ಹೊರಟರೆ ಜಾಣತನ ಹೆಚ್ಚಾದೀತು. ಮೈಯನ್ನು ಘಟವೆನ್ನುವುದು, ಭಾರಿ ಆಳನ್ನು ದೊಡ್ಡ ಘಟ ಎನ್ನುವುದು, ಅಂಥವರು ನಾಲ್ಕಾರು ಮಂದಿ ಸೇರಿದರೆ ಘಟಾನುಘಟಿಗಳು ಎನ್ನುವುದು, ಇವನ್ನು ಒಳಗೇ ಕೂರಿಸಬಹುದು.

ಇಷ್ಟಾದರೂ ವಿದ್ಯೆಗೂ ಮಡಕೆಗೂ ಏನು ಸಂಬಂಧ ಎಂಬುದು ಬಗೆಹರಿಯಲಿಲ್ಲ. ಪಾಠಶಾಲೆಯನ್ನು ಘಟಿಕೆ ಎಂದು ಕರೆದದ್ದಕ್ಕೆ ಮೂರು ಬಗೆಯ ನಿರುಕ್ತಿ ಹೇಳುತ್ತಾರೆ. ಮೊದಲನೆಯದು ಹೊತ್ತಿನದು. ಪಾಠ ಗಳಿಗೆಯ ಲೆಕ್ಕದಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಬಂತು ಎಂಬ ವಾದ. ಇದಕ್ಕೆ ಹೊರಗಿನ ಬೆಂಬಲ ಇಲ್ಲದಿಲ್ಲ: ಏಳನೆಯ ಶತಮಾನದ ಕೊನೆಯಲ್ಲಿ ನಾಳಂದದಲ್ಲಿ ಓದಿದ ಚೀನೀ ಯಾತ್ರಿಕ ಇತ್ಸಿಂಗ್ ಅಲ್ಲಿನ ನೀರಿನ ಗಡಿಯಾರವನ್ನೂ, ಬಟ್ಟಲು ಮುಳುಗಿದಾಗಲೆಲ್ಲ ನಗಾರಿ ಹೊಡೆಯುತ್ತಿದ್ದುದನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ನಾಳಂದವನ್ನು ಯಾರೂ ಘಟಿಕೆ ಎನ್ನಲಿಲ್ಲ, ಮಹಾವಿಹಾರ ಎಂದರು. ಎರಡನೆಯದು ಪರೀಕ್ಷೆಯದು. ವಿಷಯಗಳನ್ನು ಓಲೆಯ ಚೂರುಗಳಲ್ಲಿ ಬರೆದು ಮಡಕೆಗೆ ಹಾಕಿ, ಕೈಗೆ ಬಂದುದಕ್ಕೆ ಉತ್ತರಿಸಬೇಕಿತ್ತು ಎನ್ನುವ ಊಹೆ. ಮಡಕೆಯಿಂದ ಓಲೆ ಎತ್ತುವುದು ತಮಿಳುನಾಡಿನಲ್ಲಿ ಹೊಸದಲ್ಲ. ಹತ್ತನೆಯ ಶತಮಾನದ ಉತ್ತರಮೇರೂರಿನ ಚೋಳ ಶಾಸನದಲ್ಲಿ ಊರಸಭೆಯ ಸದಸ್ಯರನ್ನು ಆರಿಸಿದ್ದು ಹಾಗೆಯೇ, ಕುಡವೋಲೈ ಎಂಬ ಹೆಸರಿನಿಂದ. ಆದರೆ ಅಲ್ಲಿ ಆರಿಸಿದ್ದು ಆಡಳಿತಗಾರರನ್ನು, ಪಂಡಿತರನ್ನಲ್ಲ. ಮೂರನೆಯದು ಧಾತುವಿನದು. ಘಟ್ ಎಂದರೆ ತೊಡಗು, ಯತ್ನಿಸು, ಕೂಡು. ಘಟನೆ, ಘಟಕ, ಸಂಘಟನೆ ಎಲ್ಲ ಆ ಧಾತುವಿನವು. ಹಾಗಾದರೆ ಘಟಿಕೆ ಎಂದರೆ ಕೂಡಿದವರು, ಒಂದು ಕಾರ್ಯಕ್ಕೆಂದು ನೆರೆದ ಕೂಟ. ನನ್ನ ಒಲವು ಈ ಮೂರನೆಯದರ ಕಡೆಗೆ. ಕಾರಣ ವ್ಯುತ್ಪತ್ತಿಯ ಸೊಗಸಲ್ಲ, ಹಳೆಯ ಪ್ರಯೋಗಗಳು. ಅವುಗಳಲ್ಲಿ ಘಟಿಕೆ ಎಂಬುದು ಕಟ್ಟಡದಂತೆ ನಡೆದುಕೊಳ್ಳುವುದಿಲ್ಲ, ಜನರಂತೆ ನಡೆದುಕೊಳ್ಳುತ್ತದೆ.

ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಹೋಗೋಣ, ಶಾಸನದ ಸ್ಥಾನಕುಂದೂರು. ಅಲ್ಲಿ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಚಂದದ ಸಂಸ್ಕೃತದಲ್ಲಿ ಬರೆದ ಕಥೆ ನಮಗೆಲ್ಲ ಗೊತ್ತಿರುವುದೇ: ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ಪುರಿಯಾದ ಕಂಚಿಗೆ ಹೋದ, ವೇದವನ್ನು ಪೂರ್ತಿ ಓದಬೇಕೆಂದು ಘಟಿಕೆಯನ್ನು ಹೊಕ್ಕ, ಅಲ್ಲಿ ಪಲ್ಲವರ ಕುದುರೆಯವನೊಡನೆ ಜಗಳವಾಗಿ, ದರ್ಭೆ ಸಮಿತ್ತು ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕರ್ನಾಟಕದ ರಾಜಕೀಯ ಚರಿತ್ರೆ ಶುರುವಾಗುವುದೇ ಒಬ್ಬ ವಿದ್ಯಾರ್ಥಿ ಓದು ಬಿಟ್ಟದ್ದರಿಂದ ಎಂದು ನಾವು ತಮಾಷೆ ಮಾಡುತ್ತೇವೆ. ಪದದ ದೃಷ್ಟಿಯಿಂದ ನಮಗೆ ಮುಖ್ಯವಾದದ್ದು ಕವಿ ಘಟಿಕೆ ಎಂದರೇನೆಂದು ವಿವರಿಸದೆ ಮುಂದೆ ಸಾಗಿದ್ದು. ಬನವಾಸಿ ನಾಡಿನ ಓದುಗನಿಗೆ ಆ ಮಾತು ಆಗಲೇ ಪಳಗಿತ್ತು.

ಕಂಚಿಯ ಘಟಿಕೆ ಬರಿಯ ಓದಿನ ಮನೆಯಾಗಿರಲಿಲ್ಲ. ವೇಲೂರುಪಾಳಯದ ಪಲ್ಲವ ತಾಮ್ರಪಟಗಳಲ್ಲಿ ಸ್ಕಂದಶಿಷ್ಯನು ಸತ್ಯಸೇನನಿಂದ ದ್ವಿಜರ ಘಟಿಕೆಯನ್ನು ಕಿತ್ತುಕೊಂಡನೆಂದಿದೆ. ಕಿತ್ತುಕೊಳ್ಳುವಷ್ಟು ಬೆಲೆ ಅದಕ್ಕಿತ್ತು. ಎಂಟನೆಯ ಶತಮಾನದಲ್ಲಿ ಪಲ್ಲವ ಸಿಂಹಾಸನ ಬರಿದಾದಾಗ ಎರಡನೆಯ ನಂದಿವರ್ಮನನ್ನು ಹುಡುಕಿ ತರಲು ಹೊರಟವರಲ್ಲಿ ಘಟಿಕೆಯವರೂ ಇದ್ದರೆಂದು ಕಂಚಿಯ ವೈಕುಂಠ ಪೆರುಮಾಳ್ ಗುಡಿಯ ಶಿಲ್ಪಪಟ್ಟಿಕೆಯ ಬರಹ ಹೇಳುತ್ತದೆ. ಆ ನಂದಿವರ್ಮನನ್ನೇ ಸೋಲಿಸಿ ಕಂಚಿಯನ್ನು ಹೊಕ್ಕ ಬಾದಾಮಿಯ ಎರಡನೆಯ ವಿಕ್ರಮಾದಿತ್ಯ ಊರನ್ನು ಸೂರೆಮಾಡದೆ, ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ಕಣ್ಣಾರೆ ಕಂಡು ದೇವರಿಗೇ ಮರಳಿ ಒಪ್ಪಿಸಿ, ಅದನ್ನು ಕನ್ನಡದಲ್ಲಿ ಅಲ್ಲಿಯ ಕಂಬದ ಮೇಲೆ ಕೆತ್ತಿಸಿದ. ತಮಿಳುನಾಡಿನ ಎದೆಯ ಮೇಲಿನ ಆ ಕನ್ನಡ ಶಾಸನದ ಶಾಪಾಶಯ ನಮಗೆ ಬೇಕಾದದ್ದು. ಸಾಮಾನ್ಯವಾಗಿ ಇಂಥಲ್ಲಿ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎನ್ನುತ್ತಾರೆ. ವಿಕ್ರಮಾದಿತ್ಯ ಹೇಳಿದ್ದು ಬೇರೆ: ಈ ಅಕ್ಷರಗಳನ್ನು ಅಳಿಸಿದವರು ಈ ಊರ ಘಟಿಕೆಯ ಮಹಾಜನವನ್ನು ಕೊಂದವರ ಲೋಕಕ್ಕೆ ಹೋಗಲಿ. ಕೊಲ್ಲಲಾಗುವುದು ಕಟ್ಟಡವನ್ನಲ್ಲ, ಜನರನ್ನು. ಘಟಿಕೆ, ಮಹಾಜನ ಎರಡೂ ಅಲ್ಲಿ ಅಕ್ಕಪಕ್ಕ ನಿಂತಿವೆ, ಗೆದ್ದ ಅರಸನೇ ಅದನ್ನು ಎಲ್ಲಕ್ಕಿಂತ ಘೋರವಾದ ಪಾಪವೆಂದು ಆರಿಸಿಕೊಂಡಿದ್ದಾನೆ.

ಮುಂದಿನ ಶತಮಾನಗಳಲ್ಲಿ ಪದಕ್ಕೆ ಬಾಲ ಬೆಳೆಯಿತು: ಘಟಿಕಾಸ್ಥಾನ, ಘಟಿಕಾಶಾಲೆ. ಜನರನ್ನು ಹೇಳುತ್ತಿದ್ದ ಮಾತಿಗೆ ಸ್ಥಾನ ಬೇಕಾಯಿತೆಂದರೆ ಅದು ನೆಲಕ್ಕೆ ಇಳಿಯಿತೆಂದೇ ಅರ್ಥ. ಅಗ್ರಹಾರ, ಬ್ರಹ್ಮಪುರಿ, ಮಠ, ಘಟಿಕಾಸ್ಥಾನ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ, ಆದರೆ ಅವುಗಳ ಗೆರೆ ಬೇರೆ ಬೇರೆ. ಅಗ್ರಹಾರ ದಾನ ಪಡೆದ ಊರು, ಬ್ರಹ್ಮಪುರಿ ಪಟ್ಟಣದೊಳಗಿನ ಕೇರಿ, ಮಠ ಗುರುಪರಂಪರೆಯ ಮನೆ. ಘಟಿಕಾಸ್ಥಾನವೋ ಇಂತಿಷ್ಟು ಮಂದಿ, ಇಂಥಿಂಥ ಶಾಸ್ತ್ರ, ಇಂತಿಷ್ಟು ಭೂಮಿ ಎಂದು ಲೆಕ್ಕ ಕಟ್ಟಿ ನಿಲ್ಲಿಸಿದ ವಿದ್ಯಾಸಂಸ್ಥೆ.

ಆ ಲೆಕ್ಕವನ್ನು ಕಣ್ಣಿಗೆ ಕಟ್ಟುವಂತೆ ಉಳಿಸಿದ ಊರು ನಾಗಾವಿ, ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ. ಶಾಸನದಲ್ಲಿ ನಾಗವಾವಿ, ವಾಪಿ ವಾವಿಯಾಗಿ ಬಾವಿಯಾದ ದಾರಿ ನಮಗೆ ಪರಿಚಿತವೇ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ಮಧುಸೂದನನೆಂಬ ದಂಡನಾಯಕ ಅಲ್ಲಿ ದೇಗುಲದ ಜೊತೆಗೆ ಘಟಿಕಾಶಾಲೆಯನ್ನು ನಿಲ್ಲಿಸಿದ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಐವತ್ತರ ಆಸುಪಾಸು. ಎಲ್ಲರಿಗೂ ಊಟ ಬಟ್ಟೆ ಸಂಸ್ಥೆಯದೇ, ಅಂದಿನ ಮಾತಿನಲ್ಲಿ ಅಶನಾಚ್ಛಾದನ. ವೇದ ಹೇಳಿಕೊಡುವವರು ಮೂವರು. ಶಾಸ್ತ್ರ ಹೇಳಿಕೊಡುವವರು ಮೂವರು: ಒಬ್ಬರು ಭಾಟ್ಟ ಮೀಮಾಂಸೆಗೆ, ಒಬ್ಬರು ಪ್ರಾಭಾಕರ ಮೀಮಾಂಸೆಗೆ, ಒಬ್ಬರು ನ್ಯಾಸಕ್ಕೆ. ನ್ಯಾಸವೆಂದರೆ ಪಾಣಿನಿಯ ವ್ಯಾಕರಣದ ಮೇಲಿನ ಕಾಶಿಕಾವೃತ್ತಿಗೆ ಬೌದ್ಧನಾದ ಜಿನೇಂದ್ರಬುದ್ಧಿ ಬರೆದ ವ್ಯಾಖ್ಯಾನ. ವೇದಘೋಷ ಒಂದು ಕಡೆ, ಬೌದ್ಧ ಪಂಡಿತನ ಪಾಣಿನೀಯ ಇನ್ನೊಂದು ಕಡೆ, ಅಂಗಳ ಒಂದೇ. ಮೀಮಾಂಸೆಯ ಎರಡು ಹಗೆ ಪಕ್ಷಗಳಿಗೆ ಎರಡು ಪೀಠ ಕೊಟ್ಟದ್ದೂ ಗಮನಿಸತಕ್ಕ ಸಂಗತಿ. ಜಗಳವಾಡಲಿ ಎಂದೇ ಇಟ್ಟಿರಬೇಕು.

ಆಮೇಲೆ ಬರುತ್ತಾರೆ ಸರಸ್ವತೀ ಭಂಡಾರಿಗರು, ಆರು ಮಂದಿ. ಪುಸ್ತಕದ ಮನೆ ಸರಸ್ವತೀ ಭಂಡಾರ, ಅದನ್ನು ನೋಡಿಕೊಳ್ಳುವವರು ಭಂಡಾರಿಗರು. ಗುರುಗಳು ಆರು, ಗ್ರಂಥಪಾಲಕರು ಆರು. ಇಂದಿನ ಯಾವ ಕುಲಪತಿಯ ಮುಂದೆ ಈ ಪ್ರಮಾಣವನ್ನು ಇಟ್ಟರೂ ಆಯವ್ಯಯದ ಹಾಳೆ ಕೈಜಾರೀತು. ಓಲೆಗರಿಯ ಕಾಲದಲ್ಲಿ ಪುಸ್ತಕ ಕಾಯುವುದೆಂದರೆ ಬೀಗದ ಕೆಲಸವಲ್ಲ. ಹುಳ ಹೊಡೆಯದಂತೆ ಗರಿಗೆ ಎಣ್ಣೆ ಸವರಬೇಕು, ಬಿಸಿಲಿಗೆ ಹರವಬೇಕು, ಮುರಿದ ಗರಿಯನ್ನು ಹೊಸ ಗರಿಗೆ ನಕಲು ಮಾಡಬೇಕು, ದಾರ ಬದಲಿಸಬೇಕು, ಎರಡು ಪಟ್ಟಿಗಳ ನಡುವೆ ಬಿಗಿದು ವಸ್ತ್ರದಲ್ಲಿ ಕಟ್ಟಬೇಕು.

ಭಂಡಾರ ಎಂಬ ಪದದೊಳಗೂ ಒಂದು ಪಾತ್ರೆ ಅಡಗಿದೆ. ಭಾಂಡ ಎಂದರೆ ಪಾತ್ರೆ, ಭಾಂಡಾಗಾರ ಎಂದರೆ ಪಾತ್ರೆಗಳ ಮನೆ, ಅದರಿಂದ ಉಗ್ರಾಣ, ಅದರಿಂದ ಬೊಕ್ಕಸ, ಅದರಿಂದ ಪುಸ್ತಕದ ಬೊಕ್ಕಸ. ಜೈನರು ತಮ್ಮ ಹಸ್ತಪ್ರತಿಗಳ ಕೋಣೆಯನ್ನು ಇಂದಿಗೂ ಶಾಸ್ತ್ರಭಂಡಾರವೆನ್ನುತ್ತಾರೆ. ಭಂಡಾರಿ ಕರಾವಳಿಯಲ್ಲಿ ಕುಲನಾಮವಾಯಿತು. ಬಡಗಣ ನಾಡಿನಲ್ಲಿ ಯಲ್ಲಮ್ಮನಿಗೂ ಮೈಲಾರನಿಗೂ ಭಕ್ತರು ಎರಚುವ ಅರಿಸಿನದ ಪುಡಿಯೇ ಭಂಡಾರ. ನಾಗಾವಿಯನ್ನು ಆ ಸೀಮೆಯ ಜನ ಇಂದು ಬಲ್ಲುದು ಯಲ್ಲಮ್ಮನ ಊರೆಂದು. ಜಾತ್ರೆಗೆ ಹೋದವರಿಗೆ ಭಂಡಾರ ಎಂದರೆ ಹಣೆಗೆ ಹಚ್ಚುವ ಅರಿಸಿನ. ಅದೇ ಊರಿನ ಕಲ್ಲಿನ ಮೇಲೆ ಭಂಡಾರ ಎಂದರೆ ಗ್ರಂಥರಾಶಿ. ಕಲ್ಲಿನ ಮಾತುಗಳು ಅಚ್ಚಿಗೆ ಬಂದದ್ದು ತಡವಾಗಿ. ಆ ಪ್ರದೇಶ ಹೈದರಾಬಾದು ಸಂಸ್ಥಾನದಲ್ಲಿದ್ದಾಗ, 1928ರಲ್ಲಿ, ನಿಜಾಮರ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು ಪುಸ್ತಕವಾಗಿ ಹೊರತಂದಿತು. ಅರವತ್ತು ಕಂಬದ ಗುಡಿ ಎಂದು ಜನ ಕರೆಯುವ ಮಂಟಪ ಊರಲ್ಲಿ ಈಗಲೂ ನಿಂತಿದೆ.

ನಾಗಾವಿಯ ಘಟಿಕಾಶಾಲೆಯನ್ನು ಸಣ್ಣದೊಂದು ಖಾಸಗಿ ವಿಶ್ವವಿದ್ಯಾಲಯ ಎನ್ನಬಹುದೇ? ಎನ್ನಬಹುದು, ಆದರೆ ಆ ಖಾಸಗಿ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ಅರಬ್ಬಿಯ ಖಾಸ್, ಎಂದರೆ ವಿಶೇಷವಾದದ್ದು. ಅದು ಪಾರ್ಸಿಯ ಮೂಲಕ ಮರಾಠಿಗೆ ಬಂದಾಗ ಖಾಸಗಿ ಎಂದರೆ ದೊರೆಯ ಸ್ವಂತದ್ದು. ಮೊಗಲರ ದಿವಾನ್-ಎ-ಖಾಸ್ ನಮಗೆ ಗೊತ್ತು. ಹೋಳ್ಕರರ ಮನೆತನದಲ್ಲಿ ರಾಣಿವಾಸದ ಸ್ವಂತ ಆದಾಯದ ಭೂಮಿ ಖಾಸಗಿ, ಅಹಲ್ಯಾಬಾಯಿ ಕಾಶಿಯಿಂದ ರಾಮೇಶ್ವರದವರೆಗೆ ಮಾಡಿದ ಧರ್ಮಕಾರ್ಯಗಳಿಗೆ ಹಣ ಬಂದದ್ದು ಹೆಚ್ಚಾಗಿ ಅಲ್ಲಿಂದ. ಅರಸನದೆಂದು ಹೇಳುತ್ತಿದ್ದ ಪದ ಈಗ ಸರಕಾರದ್ದಲ್ಲವೆಂದು ಹೇಳುತ್ತದೆ, ಖಾಸಾ ತಮ್ಮ ಎಂಬಲ್ಲಿ ಮಾತ್ರ ಹಳೆಯ ನಂಟು ಉಳಿದಿದೆ. ನಾಗಾವಿಯ ದಂಡನಾಯಕ ಚಕ್ರವರ್ತಿಯ ಅಧಿಕಾರಿಯೇ ಆದರೂ ಸಂಸ್ಥೆ ಅವನ ಧರ್ಮ, ಅವನ ಹೆಸರಿನದು, ನಡೆಸುವವರು ಮಹಾಜನರು, ಅರಸ ಅದನ್ನು ಮಾನ್ಯಮಾಡಿದ. 2010ರಿಂದೀಚೆಗೆ ಕರ್ನಾಟಕದಲ್ಲಿ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯಗಳಿಗೆ ಒಂದೊಂದಕ್ಕೂ ವಿಧಾನಮಂಡಲದ ಒಂದೊಂದು ಕಾಯ್ದೆ ಇರುವುದನ್ನು ನೆನೆದರೆ ಕಲ್ಲಿನ ಶಾಸನಕ್ಕೂ ಕಾಗದದ ಶಾಸನಕ್ಕೂ ನಾವು ಒಂದೇ ಪದ ಇಟ್ಟುಕೊಂಡದ್ದು ಸರಿಯೆನಿಸುತ್ತದೆ. ಶಾಸನ, ಶಾಸಕ, ಶಾಸನಸಭೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಮಾಚಬಾರದು, ಶುಲ್ಕದ್ದು. ವಿಜಯಪುರ ಜಿಲ್ಲೆಯ ಇಂಡಿಯ ಹತ್ತಿರ ಸಾಲೋಟಗಿ ಇದೆ, ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ತ್ರೈಪುರುಷ ದೇವರನ್ನಿಟ್ಟು ಶಾಲೆ ಕಟ್ಟಿಸಿದ, 945ರ ಶಾಸನ ಅದನ್ನು ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು. ಶಾಲೆಗೆ 500 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ, ಅಧ್ಯಾಪಕನಿಗೆ 50 ನಿವರ್ತನ. ಇದಲ್ಲದೆ ಊರವರು ಒಪ್ಪಿಕೊಂಡ ಕಾಣಿಕೆ: ಮದುವೆಯಾದರೆ ಐದು ಹೂವು, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು. ಹೂವು ಎಂದರೆ ಮಲ್ಲಿಗೆ ಸೇವಂತಿಗೆಯಲ್ಲ, ನಾಣ್ಯ. ಅರ್ಧರ್ಧ ಇಳಿಯುವ ಆ ಲೆಕ್ಕದ ಜಾಣ್ಮೆ ನೋಡಿ: ಒಬ್ಬ ಹುಡುಗನ ಕೂದಲು ತೆಗೆಸಿದಲ್ಲಿಂದ ಮದುವೆ ಮುಗಿಯುವವರೆಗೆ ಮೂರು ಸಲ ಊರ ಮನೆ ಶಾಲೆಯನ್ನು ನೆನೆಯಬೇಕು. ಓದುವವನು ಕೊಡಬೇಕಾದ್ದು ಏನೂ ಇಲ್ಲ. ಆ ಶಾಲೆ ಸಾಲೆಯಾಗಿ ಊರ ಹೆಸರಿಗೇ ಅಂಟಿ ಸಾಲೋಟಗಿಯಾಯಿತೆಂದು ವಿದ್ವಾಂಸರು ಬಿಡಿಸುತ್ತಾರೆ, ಉತ್ತರ ಕರ್ನಾಟಕದವರು ಇಂದಿಗೂ ಸಾಲಿಗೆ ಹೋಗುವುದರಿಂದ ಆ ಬಿಡಿಸುವಿಕೆ ಕಿವಿಗೆ ಹಿತವಾಗಿಯೇ ಇದೆ.

ಘಟಿಕಾಸ್ಥಾನವೆಂಬ ಪದ ಪಂಡಿತರ ಅಂಗಳದಲ್ಲೇ ನಿಂತಿತೆಂದು ತಿಳಿಯಬೇಕಿಲ್ಲ. ಐಹೊಳೆಯ ಐನೂರ್ವರೆಂಬ ವ್ಯಾಪಾರಿ ಸಂಘದ ಪ್ರಶಸ್ತಿಗಳಲ್ಲಿ ತಾವು ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರವತ್ತನಾಲ್ಕು ಘಟಿಕಾಸ್ಥಾನಗಳವರೆಂದು ಹೇಳಿಕೊಳ್ಳುವ ಮಾತು ಬರುತ್ತದೆ, ಅದೇ ಸಂಘ ತಮಿಳಿನಲ್ಲಿ ಕೆತ್ತಿಸಿದಾಗ ಅದು ಕಡಿಗೈತ್ತಾವಳಂ ಆಗುತ್ತದೆ. ಮೆಣಸು, ಬಟ್ಟೆ, ಕುದುರೆ ಮಾರುವವರ ನೆರವಿಯೂ ಘಟಿಕೆಯೇ ಎಂದಾದರೆ ಕೂಡು ಎಂಬ ಧಾತುವಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ತಮಿಳಿನ ಇನ್ನೊಂದು ಕವಲು ಶೋಳಿಂಗರಿನದು. ಶ್ರೀವೈಷ್ಣವರ ದಿವ್ಯದೇಶಗಳಲ್ಲಿ ಆ ಬೆಟ್ಟ ತಿರುಕ್ಕಡಿಗೈ, ಸಂಸ್ಕೃತದಲ್ಲಿ ಘಟಿಕಾಚಲ. ಅಲ್ಲಿ ಒಂದು ಗಳಿಗೆ ಇದ್ದರೂ ಮೋಕ್ಷ ಎಂಬುದು ಭಕ್ತರ ನಿರುಕ್ತಿ. ಕೂಟದ ಅರ್ಥ ಜನರಿಗೆ ಮರೆತಾಗ ಹೊತ್ತಿನ ಅರ್ಥ ಬಂದು ಆ ಜಾಗದಲ್ಲಿ ಕೂತಿತೇನೋ ಎಂದು ನನಗನ್ನಿಸುತ್ತದೆ. ಸ್ಥಳಪುರಾಣಗಳ ವ್ಯುತ್ಪತ್ತಿಯನ್ನು ನಾವು ನಕ್ಕು ತಳ್ಳಬಾರದು, ಒಂದು ಪದದ ಯಾವ ಅರ್ಥ ಯಾವಾಗ ಸತ್ತಿತೆಂದು ಅದು ಹೇಳುತ್ತದೆ.

ಕನ್ನಡದಲ್ಲೂ ಹಾಗೇ ಆಯಿತು. ಘಟಿಕಾಸ್ಥಾನಗಳು ಮುಚ್ಚಿದ ಮೇಲೆ ಗಡಿಗೆ ಉಳಿಯಿತು, ಗಳಿಗೆ ಉಳಿಯಿತು, ಘಟಿಕೆ ಕಲ್ಲಿನಲ್ಲಿ ಮಲಗಿತು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟಿ, ಅದರ ಮೊದಲ ಕಾನ್ವೊಕೇಶನ್ 1918ರಲ್ಲಿ ನಡೆದ ಕಾಲಕ್ಕೆ ಶಾಸನಗಳನ್ನು ಓದಿ ಅಚ್ಚುಹಾಕುವ ಕೆಲಸ ಅದೇ ಸಂಸ್ಥಾನದಲ್ಲಿ ಬೆಳೆದು ನಿಂತಿತ್ತು. ತಾಳಗುಂದದ ಕಂಬವೂ ಕಂಚಿಯ ಕಂಬವೂ ಆಗಲೇ ಓದುಗರ ಮೇಜಿಗೆ ಬಂದಿದ್ದವು. ಆ ನೆಲದಲ್ಲಿ ಘಟಿಕೋತ್ಸವ ಎಂಬ ಪದ ಕುದುರಿದ್ದು ಸಹಜ. ಒಟ್ಟಿಗೆ ಕರೆಯುವುದು ಎಂಬ ಕಾನ್ವೊಕೇಶನ್ನಿನ ಲ್ಯಾಟಿನ್ ಮೂಲಕ್ಕೆ ಕೂಡಿದವರು ಎಂಬ ಘಟಿಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ ದೀಕ್ಷಾಂತ, ಸ್ನಾತಕೋತ್ಸವಗಳಿಗಿಂತ ನಮ್ಮದೇ ಮೂಲಕ್ಕೆ ಹತ್ತಿರ. ಆದರೆ ಸಂಸ್ಥೆಯ ಹೆಸರಾಗಿ ಅದು ಮರಳಲಿಲ್ಲ. ಸಂಸ್ಥೆಗೆ ವಿಶ್ವವಿದ್ಯಾಲಯ, ವಿದ್ಯಾಪೀಠ, ವಿದ್ಯಾನಿಕೇತನ ಎಲ್ಲ ಬಂದವು, ಘಟಿಕೆಗೆ ಸಿಕ್ಕಿದ್ದು ವರ್ಷದಲ್ಲಿ ಒಂದು ದಿನ.

ಆ ದಿನವೂ ಈಗ ಪದದಿಂದ ಜಾರುತ್ತಿದೆ. ನೇಮಕಾತಿ ಅರ್ಜಿಗಳ ದಾಖಲೆಪಟ್ಟಿಯಲ್ಲಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಸಾಲಿನಲ್ಲಿ ಘಟಿಕೋತ್ಸವ ಪ್ರಮಾಣಪತ್ರ ಎಂದು ಇರುತ್ತದೆ. ಮಾತಿನಲ್ಲಿ ಪ್ರಮಾಣಪತ್ರವೂ ಉದುರಿಹೋಗಿ, ನಂದಿನ್ನೂ ಕಾನ್ವೊಕೇಶನ್ ಬಂದಿಲ್ಲ, ನಿಂದು ಬಂತಾ ಎಂದು ಹುಡುಗರು ಕೇಳಿಕೊಳ್ಳುತ್ತಾರೆ. ಬರಬೇಕಾದದ್ದು ಅಂಚೆಯಲ್ಲಿ ಒಂದು ಹಾಳೆ. ಅರ್ಜಿಯಲ್ಲಿ ಎರಡು ಚೌಕಗಳಿರುತ್ತವೆ, ಖುದ್ದು ಹಾಜರಾಗಿ ಪಡೆಯುವವರಿಗೆ ಒಂದು, ಗೈರುಹಾಜರಿಯಲ್ಲಿ ಪಡೆಯುವವರಿಗೆ ಇನ್ನೊಂದು. ಹೆಚ್ಚಿನವರು ಗುರುತು ಹಾಕುವುದು ಎರಡನೆಯದಕ್ಕೆ.